ನೋಡಿದ್ದಾಳೆ ಸಾರ್, ಸರಿ ಇದೆ ಅಂದಳು

ಜನವರಿ 6, ಸೋಮವಾರ. ಬೆಳಿಗ್ಗೆ 8.50

ಬ್ಯಾಕಪ್ ಆಗಿದೆ. ಡಿಸ್ಕ್ ಶೇಕಡಾ 94 ತುಂಬಿದೆ. ಹೋದ ಸೋಮವಾರ 91. ಲಾಗ್ ಪುಸ್ತಕದಲ್ಲಿ ಸಹಿ ಹಾಕಿದೆ. ಸರ್ವರ್ ರೂಮಿನ ಎ.ಸಿ. ಮತ್ತೆ ಸೋರುತ್ತಿದೆ, ಕೆಳಗೆ ಬಕೆಟ್ ಇಟ್ಟೆ. ಶಿವಮೊಗ್ಗದ ಈ ಸ್ಕ್ಯಾನ್ ಸೆಂಟರಿನಲ್ಲಿ ಹದಿನಾಲ್ಕು ವರ್ಷದಿಂದ ನನ್ನ ಸೋಮವಾರ ಅಂದರೆ ಇಷ್ಟೇ.

ಮಧ್ಯಾಹ್ನ 1.15

ಡಾಕ್ಟರ್ ಶಿವಶಂಕರಪ್ಪ ಕರೆದಿದ್ದರು. ಸೆಂಟರಿನ ಯಜಮಾನರು. ಮುಖ ಅರಳಿತ್ತು.

"ವಸಂತ್, ಎರಡು ಹೊಸ ಬ್ಯಾಕಪ್ ಸರ್ವರ್ ತಗೊಳ್ಳೋಣ. ಇಲ್ಲಿಗೊಂದು, ಭದ್ರಾವತಿ ಬ್ರಾಂಚಿಗೊಂದು. ಎಲ್‌ವಿಎಂ ಹಾಕ್ಬೇಕೋ ಬೇಡ್ವೋ ಯೋಚನೆ ಮಾಡಿ. ಅಲ್ಲ ಮಾರಾಯ್ರೆ, ನಿಮ್ಮ ಮಿಸೆಸ್ ಏನು ಚೆನ್ನಾಗಿ ಹೇಳಿದ್ರು ರೀ!"

ಶುಕ್ರವಾರ ಭದ್ರಾವತಿಯಲ್ಲಿ ಹೊಸ ಸಿ.ಟಿ. ಮಷಿನ್ ಪೂಜೆ ಇತ್ತು. ವೇದಾಳನ್ನೂ ಕರೆದಿದ್ದರು, ನನ್ನ ಹೆಂಡತಿ ಅಂತ. ಅಲ್ಲೇ ಯಾವುದೋ ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ, ಪಾಠವನ್ನೂ ಮಾಡುತ್ತಾಳೆ. ಬಂದಳು, ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ಡಾಕ್ಟರಿಗೆ ಪಾಠ ಮಾಡಿದಳು. "ನಾಲ್ಕು ಡಿಸ್ಕ್ ಅಂದ್ರೆ ನಾಲ್ಕು ಕೊಡ ನೀರು ಸಾರ್. ಒಂದು ಕೊಡ ಖಾಲಿ ಆಗಿರುತ್ತೆ, ಪಕ್ಕದ್ದು ತುಂಬಿ ಚೆಲ್ತಿರುತ್ತೆ. ಎಲ್‌ವಿಎಂ ಅಂದ್ರೆ ನಾಲ್ಕನ್ನೂ ಒಂದೇ ಹಂಡೆಗೆ ಸುರ್ಕೊಂಡು, ಬೇಕಾದಷ್ಟು ಚೊಂಬಲ್ಲಿ ತಗೊಳ್ಳೋದು. ನಾಳೆ ಐದನೇ ಕೊಡ ತಂದ್ರೂ ಅದೇ ಹಂಡೆಗೆ."

ಡಾಕ್ಟರ್ ತಲೆಯಾಡಿಸಿದ್ದೇ ಆಡಿಸಿದ್ದು. ನನ್ನ ಯಾವ ಮಾತಿಗೂ ಆ ಮನುಷ್ಯ ಹಾಗೆ ತಲೆಯಾಡಿಸಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಅವಳಿಗೆ ಕಲಿಸಿದ್ದು ಯಾರು? 2009ರಲ್ಲಿ, ಗೋಪಾಳದ ಬಾಡಿಗೆ ಮನೆಯಲ್ಲಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಮುಂದೆ ಸ್ಟೂಲ್ ಹಾಕಿ ಕೂರಿಸಿ, ಇದು ಕಮ್ಯಾಂಡ್, ಇದು ಎಂಟರ್ ಅಂತ ತೋರಿಸಿದವನು ನಾನು. ಈಗ ಗುರುವಿಗೇ ತಿರುಮಂತ್ರ.

ಜನವರಿ 7, ಮಂಗಳವಾರ

ತಿಂಡಿಗೆ ಕೂತಾಗ ಕೇಳಿಯೇಬಿಟ್ಟೆ.

"ನಮ್ಮ ಡಾಕ್ಟರ್ ಹತ್ರ ಎಲ್‌ವಿಎಂ ಪುರಾಣ ಯಾಕೆ ಬಿಚ್ಚಿದೆ?"

"ಅವರೇ ಕೇಳಿದ್ರು ರೀ. ಬಾಯಿಗೆ ಬೀಗ ಹಾಕ್ಕೊಂಡು ನಿಲ್ಬೇಕಿತ್ತಾ?"

"ಹಂಡೆ ಅಂದ್ಯಲ್ಲ, ಹಂಡೆ ತೂತಾದ್ರೆ? ನಾಲ್ಕು ಕೊಡದ ನೀರೂ ಚರಂಡಿಗೆ. ಕೊಡದಲ್ಲೇ ಇದ್ದಿದ್ರೆ ಒಂದು ಹೋದ್ರೂ ಮೂರು ಉಳೀತಿತ್ತು."

"ಅದಕ್ಕೇ ಡಿಸ್ಕ್ ಎರಡೆರಡು ಜೋಡಿ ಮಾಡೋದು. ಒಂದರಲ್ಲಿ ಇರೋದೇ ಇನ್ನೊಂದರಲ್ಲೂ. ಆಮೇಲೆ ಅದರ ಮೇಲೆ ಹಂಡೆ. ನಿಮಗೆ ಗೊತ್ತಿರೋದೇ ಅಲ್ವಾ?"

ಒಂದರ ಮೇಲೊಂದು ಹಾಗೆ ಕಟ್ಟಬಹುದು ಅಂತ ಗೊತ್ತಿರಲಿಲ್ಲ. ಗೊತ್ತು ಅಂದೆ. ಚಟ್ನಿಗೆ ಉಪ್ಪು ಜಾಸ್ತಿ ಆಗಿದೆ ಅಂತಲೂ ಅಂದೆ. ಆಗಿರಲಿಲ್ಲ.

ಜನವರಿ 9, ಗುರುವಾರ

ತೀರ್ಮಾನ ಮಾಡಿದೆ. ಎಲ್‌ವಿಎಂ ಬೇಡ. ಡಾಕ್ಟರಿಗೆ ಒಂದು ಪುಟ ಬರೆದೆ. ಮಧ್ಯೆ ಒಂದು ಪದರ ಜಾಸ್ತಿಯಾದರೆ ಕೆಡುವುದಕ್ಕೆ ಒಂದು ಜಾಗ ಜಾಸ್ತಿ. ಸಾದಾ ಡಿಸ್ಕ್ ಆದರೆ ಕಿತ್ತು ತಂದು ಯಾವ ಮಷಿನ್‌ಗೆ ಹಾಕಿದರೂ ಓದುತ್ತದೆ. ನಾನು ರಜೆಯಲ್ಲಿದ್ದರೆ ಬೇರೆಯವರಿಗೂ ಅರ್ಥವಾಗಬೇಕು.

ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಈ ಎಲ್‌ವಿಎಂ ಮಾತು ವೇದಾಳ ಬಾಯಿಂದ ಬರದೆ ಬೇರೆ ಯಾರ ಬಾಯಿಂದಲೋ ಬಂದಿದ್ದರೆ ಇಷ್ಟು ಬೇಗ ಕಾರಣಗಳು ಸಿಗುತ್ತಿದ್ದವಾ... ಬಿಡು.

ಪುಟ ಕೊಡುವಾಗ ಡಾಕ್ಟರ ಫೋನ್ ಮೇಜಿನ ಮೇಲಿತ್ತು. ಹೆಸರು ಹುಡುಕುತ್ತಿದ್ದರು, ಕಣ್ಣಿಗೆ ಬಿತ್ತು. "ವಿ" ಸಾಲಿನಲ್ಲಿ ನಾನು: ವಸಂತ್ ಯುಪಿಎಸ್. ಹದಿನಾಲ್ಕು ವರ್ಷದ ಹಿಂದೆ ಯುಪಿಎಸ್ ರಿಪೇರಿಗೆ ಬಂದಾಗ ಹಾಕಿಕೊಂಡ ಹೆಸರು, ಹಾಗೇ ಇದೆ. ಅದರ ಕೆಳಗೆ: ವೇದಾವತಿ ಮೇಡಂ, ಕಂಪ್ಯೂಟರ್ ಎಕ್ಸ್‌ಪರ್ಟ್. ಪರಿಚಯವಾಗಿ ಆರು ದಿನ.

ಹೊಟ್ಟೆ ಉರಿಯಿತು. ಇಲ್ಲ ಅಂತ ಸುಳ್ಳು ಹೇಳುವುದಕ್ಕೆ ಈ ಡೈರಿಯಲ್ಲಿ ಯಾರಿದ್ದಾರೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ರಜೆ. ವೇದಾಳ ಹಳೆಯ ಸ್ಟೂಡೆಂಟ್ಸ್ ನಾಲ್ಕು ಜನ ಎಳ್ಳು ಬೆಲ್ಲ ತಂದಿದ್ದರು. "ಮೇಡಂ ಇಲ್ದಿದ್ರೆ ನಾನು ಪಾಸಾಗ್ತಿರ್ಲಿಲ್ಲ ಅಂಕಲ್." ಅಂಕಲ್ ಹಲ್ಲು ಕಿರಿದ.

ಅವರು ಹೋಗುವವರೆಗೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಎಲ್‌ವಿಎಂ ಬಗ್ಗೆ ಓದಿದೆ. ಮುಕ್ಕಾಲು ಗಂಟೆ. "ಹೊಟ್ಟೆ ಸರಿ ಇಲ್ವಾ?" ಅಂತ ವೇದಾ ಎರಡು ಸಲ ಬಾಗಿಲು ಬಡಿದಳು. ಹೂಂ ಅಂದೆ.

ಸ್ನ್ಯಾಪ್‌ಶಾಟ್ ಅಂತ ಒಂದಿದೆ. ಇದ್ದದ್ದನ್ನು ಇದ್ದ ಹಾಗೇ ಒಂದು ಗಳಿಗೆ ಹಿಡಿದಿಟ್ಟು ಅದನ್ನೇ ಕಾಪಿ ಮಾಡಿಕೊಳ್ಳುವುದು. ಆ ಕಡೆ ಕೆಲಸ ನಿಲ್ಲುವುದಿಲ್ಲ. ಅಯ್ಯೋ! ಇಷ್ಟು ವರ್ಷ ಊಟದ ಹೊತ್ತಿಗೆ ಸಾಫ್ಟ್‌ವೇರ್ ನಿಲ್ಲಿಸಿ ಬ್ಯಾಕಪ್ ತೆಗೆದಿದ್ದೇನೆ, ಕ್ಯೂನಲ್ಲಿ ನಿಂತವರ ಬೈಗುಳ ತಿಂದಿದ್ದೇನೆ. ನನಗೆ ಬೇಕಿದ್ದದ್ದು ಇದೇ.

ಅವಳು ಹೇಳಿದ್ದು ಸರಿ. ಅದೇ ಕಷ್ಟ.

ಜನವರಿ 20, ಸೋಮವಾರ

ಡಾಕ್ಟರಿಗೆ ಹೇಳಿದೆ — ಆಳವಾಗಿ ಸ್ಟಡಿ ಮಾಡಿದೆ, ಎಲ್‌ವಿಎಂ ಹಾಕುವುದೇ ಸರಿ, ಸ್ನ್ಯಾಪ್‌ಶಾಟ್ ಇದೆ, ಪೇಶೆಂಟ್‌ಗಳನ್ನು ಕಾಯಿಸುವ ಹಾಗಿಲ್ಲ. ವೇದಾಳ ಹೆಸರು ಎತ್ತಲಿಲ್ಲ. ಒಂಬತ್ತನೇ ತಾರೀಖು ಕೊಟ್ಟಿದ್ದ ಪುಟವನ್ನು ಮೇಜಿನಿಂದ ಮೆಲ್ಲಗೆ ಎತ್ತಿಕೊಂಡೆ.

"ಒಳ್ಳೇದಾಯ್ತು," ಅಂದರು. "ಪ್ಲಾನ್ ಬರೀರಿ. ಬರೆದು ನಿಮ್ಮ ಮಿಸೆಸ್‌ಗೆ ಒಂದ್ಸಲ ತೋರ್ಸಿಬಿಡಿ."

ಜನವರಿ 22, ಬುಧವಾರ

ಪ್ಲಾನ್ ಮೂರು ಪುಟ. ನಿನ್ನೆ ಸಂಜೆ ಬ್ಯಾಗಿನಿಂದ ಎರಡು ಸಲ ತೆಗೆದೆ, ಎರಡು ಸಲ ಒಳಗಿಟ್ಟೆ. ವೇದಾ ಹಾಲ್‌ನಲ್ಲಿ ಪೇಪರ್ ತಿದ್ದುತ್ತಿದ್ದಳು. ಕೆಂಪು ಪೆನ್. ಆ ಕೆಂಪು ಪೆನ್ ನನ್ನ ಹಾಳೆಯ ಮೇಲೆ ಓಡುವುದನ್ನು ನೆನೆಸಿಕೊಂಡೆ... ಆಗಲಿಲ್ಲ.

"ಸರ್ವರ್‌ದು ಏನು ತೀರ್ಮಾನ ಆಯ್ತು?" ಅವಳೇ ಕೇಳಿದಳು.

"ಇನ್ನೂ ಇಲ್ಲ."

ಇವತ್ತು ಹನ್ನೊಂದಕ್ಕೆ ಡಾಕ್ಟರ್ ಕಾರಿಡಾರಿನಲ್ಲೇ ಹಿಡಿದರು. "ತೋರ್ಸಿದ್ರಾ?"

"ನೋಡಿದ್ದಾಳೆ ಸಾರ್, ಸರಿ ಇದೆ ಅಂದಳು."

ಬಾಯಿಂದ ಬಂದೇ ಹೋಯಿತು. ಅವರು ಅಲ್ಲೇ ಗೋಡೆಗೆ ಹಾಳೆ ಒತ್ತಿ ಹಿಡಿದು ಸಹಿ ಹಾಕಿದರು. ನನ್ನ ಪ್ಲಾನನ್ನು ಓದಲಿಲ್ಲ. ಅವಳ ಹೆಸರಿಗೆ ಸಹಿ ಬಿತ್ತು.

ಫೆಬ್ರವರಿ 3, ಸೋಮವಾರ

ಶಿವಮೊಗ್ಗದ ಸರ್ವರ್ ಬಂತು. ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಶುರು ಮಾಡಿದೆ. ಡಿಸ್ಕ್ ಜೋಡಿ ಮಾಡಿದೆ. ಹಂಡೆ ಕಟ್ಟಿದೆ — ಛೆ, ನಾನೂ ಹಂಡೆ ಅನ್ನುವುದಕ್ಕೆ ಶುರು ಮಾಡಿದೆ. ಅದಕ್ಕೊಂದು ಹೆಸರು ಕೇಳುತ್ತದೆ. ಶ್ರೀ ಅಂತ ಕೊಟ್ಟೆ. ಹೊಸದು ಯಾವುದಿದ್ದರೂ ಮೊದಲು ಶ್ರೀ, ಕಾಗದನಗರದ ಪೇಪರ್ ಮಿಲ್ ಕ್ವಾರ್ಟರ್ಸಿನಲ್ಲಿ ಅಪ್ಪ ಸ್ಲೇಟು ಹಿಡಿಸಿದ ದಿನದಿಂದ ಅಭ್ಯಾಸ.

ಫೆಬ್ರವರಿ 7, ಶುಕ್ರವಾರ

ಭದ್ರಾವತಿ. ಅಲ್ಲಿನ ಟೆಕ್ನಿಷಿಯನ್ ವೀಣಾ ಕುಂಕುಮ ತಂದಿಟ್ಟಿದ್ದಳು. ಅದೇ ಪ್ಲಾನ್, ಅದೇ ಪೂಜೆ, ಅದೇ ಶ್ರೀ. ಮೂರು ಗಂಟೆಗೆ ಮುಗಿಯಿತು. ಕೈ ಪಳಗಿದೆ.

ವಾಪಸ್ ಬರುವಾಗ ಬಸ್ಸು ವೇದಾಳ ಪಾಲಿಟೆಕ್ನಿಕ್ ಮುಂದೆ ನಿಂತಿತು. ಗೇಟಿನ ಹತ್ತಿರ ಸ್ಟೂಡೆಂಟ್ಸ್ ಮಧ್ಯೆ ನಿಂತು ನಗುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ನನ್ನೆದುರು ಹಾಗೆ ನಕ್ಕು ಎಷ್ಟು ದಿನವಾಯಿತು. ನಗಿಸಿದರೆ ತಾನೇ. ಕೂಗಬಹುದಿತ್ತು. ಕೂಗಲಿಲ್ಲ.

ಫೆಬ್ರವರಿ 19, ಬುಧವಾರ

ಎಲ್ಲ ಸರಿ. ಬ್ಯಾಕಪ್ ಸಮಯ ಮುಕ್ಕಾಲು ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿದಿದೆ. ಡಾಕ್ಟರ್ ಬೆನ್ನು ತಟ್ಟಿದರು. "ನಿಮ್ಮ ಮಿಸೆಸ್‌ಗೆ ನನ್ನ ಥ್ಯಾಂಕ್ಸ್ ಹೇಳಿ."

ಹೇಳಲಿಲ್ಲ.

ಮಾರ್ಚ್ 11, ಮಂಗಳವಾರ. ಸಂಜೆ 7.00

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ವೀಣಾ ಫೋನ್. "ಸಾರ್, ಯುಪಿಎಸ್ ಢಂ ಅಂತು. ಸರ್ವರ್ ಹತ್ರ ಸುಟ್ಟ ವಾಸ್ನೆ." ಹೋಗಿ ನೋಡಿದೆ. ಮದರ್‌ಬೋರ್ಡ್ ಹೋಗಿದೆ, ಡಿಸ್ಕ್‌ಗಳು ಚೆನ್ನಾಗಿವೆ. ಗಾಬರಿಯೇನಿಲ್ಲ, ಕಿತ್ತು ಶಿವಮೊಗ್ಗದ ಸರ್ವರ್‌ಗೆ ಹಾಕಿದರಾಯಿತು ಅಂದೆ.

ವರಾಂಡದಲ್ಲಿ ಪುಟ್ಟಪ್ಪನವರು ಕೂತಿದ್ದರು. ಪೇಪರ್ ಮಿಲ್ಲಿನಲ್ಲಿ ಅಪ್ಪನ ಜೊತೆ ಇದ್ದವರು, ಚಿಕ್ಕವನಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತವರು. ಜನವರಿಯ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಒಂದು ಗಂಟು ಕಂಡಿತ್ತು. ಇವತ್ತು ಮತ್ತೆ ಸ್ಕ್ಯಾನ್. ಎರಡನ್ನೂ ಪಕ್ಕಪಕ್ಕ ಇಟ್ಟು ಗಂಟು ಬೆಳೆದಿದೆಯಾ ಅಂತ ನೋಡಬೇಕು. ನಾಳೆ ಬೆಳಿಗ್ಗೆ ಮಂಗಳೂರಿನಲ್ಲಿ ಸರ್ಜನ್ ಕಾಯುತ್ತಾರೆ.

"ಜನವರಿಯಲ್ಲಿ ಕೊಟ್ಟ ಸಿ.ಡಿ. ಇದ್ಯಾ ಪುಟ್ಟಪ್ಪಣ್ಣ?"

ಅವರ ಹೆಂಡತಿ ಶೇಷಮ್ಮ ಸೆರಗಿನ ತುದಿ ತಿರುವಿದರು. "ಹೊಳೀತಿತ್ತಪ್ಪ. ಸೊಪ್ಪಿನ ಮಡಿಗೆ ಹಕ್ಕಿ ಬರ್ದಂಗೆ ಕಟ್ಬಿಟ್ಟೆ. ಬಿಸಿಲಿಗೆ ಸೀಳಿದೆ."

ಮಷಿನ್‌ನಲ್ಲಿ ಒಂದು ತಿಂಗಳದ್ದು ಮಾತ್ರ ಇರುತ್ತದೆ. ಜನವರಿಯದ್ದು ಇದ್ದದ್ದು ನನ್ನ ಕೈಚೀಲದ ಡಿಸ್ಕ್‌ಗಳಲ್ಲಿ.

ಒಂದೂವರೆಗೆ ಶಿವಮೊಗ್ಗ. ಡಿಸ್ಕ್ ಹಾಕಿ ಸರ್ವರ್ ಆನ್ ಮಾಡಿದೆ. ಭದ್ರಾವತಿಯದ್ದು ಬರಲಿಲ್ಲ. ಅದಿರಲಿ, ಶಿವಮೊಗ್ಗದ್ದೂ ಬರಲಿಲ್ಲ. ಸ್ಕ್ರೀನಿನ ಮೇಲೆ ಒಂದೇ ದೂರು: ಶ್ರೀ ಹೆಸರಿನವರು ಇಬ್ಬರಿದ್ದಾರೆ.

ಒಂದು ತಪ್ಪು ಕಮ್ಯಾಂಡ್ ಬಿದ್ದರೆ ಎರಡೂ ಊರಿನ ಸ್ಕ್ಯಾನ್ ಹೋಗುತ್ತವೆ. ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೂತೆ, ಒತ್ತುವ ಧೈರ್ಯ ಬರಲಿಲ್ಲ. ಅರ್ಧ ಗಂಟೆ. ಡಾಕ್ಟರ್ ಬಂದು ಹಿಂದೆ ನಿಂತರು. ನನ್ನನ್ನೇನೂ ಕೇಳಲಿಲ್ಲ. ಫೋನ್ ತೆಗೆದು ವೇದಾಳಿಗೆ ಹಚ್ಚಿ ಸ್ಪೀಕರ್ ಹಾಕಿದರು.

ಸ್ಕ್ರೀನಿನಲ್ಲಿ ಇದ್ದದ್ದನ್ನು ಓದಿದೆ. ಮತ್ತೊಮ್ಮೆ ಓದಿಸಿದಳು.

"ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ದೀರಾ. ಪರವಾಗಿಲ್ಲ, ಏನೂ ಹೋಗಿಲ್ಲ. ಪ್ರತಿಯೊಂದಕ್ಕೂ ಒಂದು ಉದ್ದ ನಂಬರ್ ಇರುತ್ತೆ ನೋಡಿ, ಆಧಾರ್ ಇದ್ದ ಹಾಗೆ. ಇಬ್ಬರ ಹೆಸರೂ ಒಂದೇ ಆದ್ರೆ ಆ ನಂಬರ್ ಹಿಡ್ದು ಕರೀಬೇಕು. ನಿಧಾನಕ್ಕೆ ಓದಿ."

ಓದಿದೆ. ಅವಳು ಹೇಳಿದ ಹಾಗೆ ಭದ್ರಾವತಿಯದ್ದಕ್ಕೆ ಬೇರೆ ಹೆಸರು ಕೊಟ್ಟೆ. ಐದು ನಿಮಿಷ. ಎರಡೂ ಬಂದವು. ಪುಟ್ಟಪ್ಪಣ್ಣನ ಗಂಟು ಬೆಳೆದಿಲ್ಲ. ಡಾಕ್ಟರ್ ಅಳತೆ ಮಾಡಿ ಹೇಳಿದಾಗ ನನಗೆ ಕಣ್ಣು ತುಂಬಿತು.

ಅಷ್ಟಕ್ಕೇ ಮುಗಿಯಬಾರದಿತ್ತಾ. ಡಾಕ್ಟರ್ ಫೋನ್ ಇಡಲಿಲ್ಲ. ದನಿ ಬದಲಾಯಿತು. "ಅಲ್ಲ ಮೇಡಂ, ಪ್ಲಾನ್ ನೀವೇ ನೋಡಿ ಸರಿ ಇದೆ ಅಂದಿದ್ರಂತೆ. ಇದು ಕಾಣ್ಲಿಲ್ವಾ ನಿಮಗೆ?"

ಫೋನಿನಲ್ಲಿ ಅವಳ ಲ್ಯಾಬಿನ ಫ್ಯಾನ್ ತಿರುಗುವುದು ಕೇಳಿಸುತ್ತಿತ್ತು. ಈಗ ಹೇಳುತ್ತಾಳೆ, ಈಗ ನನ್ನ ಮಾನ ಹೋಗುತ್ತದೆ ಅಂತ ಕಾದೆ.

"ಹೌದು ಸಾರ್," ಅಂದಳು. "ಹೆಸರಿನ ಕಡೆ ಗಮನ ಕೊಡ್ಲಿಲ್ಲ. ತಪ್ಪಾಯ್ತು."

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಮಾರ್ಚ್ 12, ಬುಧವಾರ

ನಿನ್ನೆ ಮನೆಗೆ ಬಂದಾಗ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡಲಿಲ್ಲ.

"ಯಾಕೆ ಹಾಗಂದೆ?"

"ಮತ್ತೇನು ಹೇಳ್ಬೇಕಿತ್ತು? ನನ್ನ ಗಂಡ ಸುಳ್ಳ ಅಂತಲಾ? ಈ ತಿಂಗಳ ಕೊನೆಗೆ ನಮ್ಮ ಕೋರ್ಸ್ ಮುಚ್ತಾರೆ, ಅಡ್ಮಿಷನ್ನೇ ಇಲ್ಲ. ನನ್ನ ಕೆಲಸ ಹೋಗೋದು ಗ್ಯಾರಂಟಿ. ನಿಮ್ಮದೂ ಹೋದ್ರೆ ಇಬ್ಬರೂ ಕೂತು ಏನು ಮಾಡೋದು?" ಹಂಚಿಗೆ ರೊಟ್ಟಿ ಹಾಕಿದಳು. "ಪ್ಲಾನ್ ತೋರಿಸಿದ್ರೆ ನಾನೇನು ತಿಂದು ಹಾಕ್ತಿದ್ನಾ ರೀ?"

ಎರಡು ರೊಟ್ಟಿ ತಿಂದೆ. ಮೂರನೆಯದು ಹಾಕಲು ಬಂದಳು, ಬೇಡ ಅಂದೆ.

ಅವಳ ಒಳ್ಳೆಯತನಕ್ಕೂ ಹೊಟ್ಟೆಕಿಚ್ಚಾಗುತ್ತಿದೆ. ಅದರಲ್ಲೂ ನನಗಿಂತ ಮೇಲೆ ಹೋಗಿ ಕೂತಳು. ಎಂಥ ಮನುಷ್ಯನೋ ನಾನು.

ಮಾರ್ಚ್ 17, ಸೋಮವಾರ. ಮಧ್ಯಾಹ್ನ 12.10

ಡಾಕ್ಟರ್ ಕರೆದಿದ್ದರು. ಡ್ರಾಯರಿನಿಂದ ಒಂದು ಹಾಳೆ ತೆಗೆದು ತೋರಿಸಿದರು. ಅಪಾಯಿಂಟ್‌ಮೆಂಟ್ ಲೆಟರ್. ವೇದಾವತಿ, ಎರಡೂ ಸೆಂಟರಿನ ಐ.ಟಿ. ಮ್ಯಾನೇಜರ್. ಏಪ್ರಿಲ್ ಒಂದರಿಂದ.

"ಹೋದ ತಿಂಗಳೇ ಟೈಪ್ ಮಾಡ್ಸಿದ್ದೆ ಮಾರಾಯ್ರೆ. ನಿಮಗೆ ಸರ್‌ಪ್ರೈಸ್ ಅಂತ. ಬುದ್ಧಿವಂತೆ, ಇಲ್ಲ ಅನ್ನಲ್ಲ. ಆದ್ರೆ ಸರಿಯಾಗಿ ನೋಡ್ದೆ ಓಕೆ ಅಂದುಬಿಡೋರು ನಮ್ಮ ಕೆಲಸಕ್ಕೆ ಆಗಲ್ಲ. ಇಲ್ಲಿ ಜನರ ಜೀವ." ಹಾಳೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. "ನೀವೇ ಮುಂದುವರಿಸ್ಕೊಂಡು ಹೋಗಿ."

ಆ ಹಾಳೆ ಹರಿಯುವಾಗ ನನಗೆ ಖುಷಿಯಾಯಿತು.

ಒಂದೇ ಕ್ಷಣ. ಆದರೆ ಆಯಿತು. ಅವಳು ನನ್ನ ಮೇಲಧಿಕಾರಿಯಾಗಿ ಡಾಕ್ಟರ ಪಕ್ಕದ ಗಾಜಿನ ರೂಮಿನಲ್ಲಿ ಕೂರುವುದಿಲ್ಲ ಅಂತ. ಬೇರೆ ಎಲ್ಲೂ ಹೇಳಲಾರೆ, ಇಲ್ಲಿ ಬರೆದಿಡುತ್ತೇನೆ. ಖುಷಿಯಾಯಿತು.

ವೇದಾ ಕಟ್ಟಿಕೊಟ್ಟ ಡಬ್ಬಿ ಇನ್ನೂ ತೆಗೆದಿಲ್ಲ.

ಮಾರ್ಚ್ 26, ಬುಧವಾರ

ವೇದಾಳ ಕೊನೆಯ ದಿನ. ಸಂಜೆ ಬಸ್ಸಿಳಿದು ಬಂದಳು — ಒಂದು ಕೈಯಲ್ಲಿ ಟಿಫನ್ ಬ್ಯಾಗ್, ಇನ್ನೊಂದರಲ್ಲಿ ಸ್ಟೂಡೆಂಟ್ಸ್ ಕೊಟ್ಟ ಗೋಡೆ ಗಡಿಯಾರ. ಮೊಳೆ ಹುಡುಕಿ ತಾನೇ ಹೊಡೆದುಕೊಂಡಳು. ಆಮೇಲೆ ಹೊಳಲೂರಿನ ಒಂದು ಶಾಲೆಗೆ ಫೋನ್ ಮಾಡಿದಳು, ಕಂಪ್ಯೂಟರ್ ಟೀಚರ್ ಬೇಕಾ ಅಂತ. ಬೇಡವಂತೆ. ಇನ್ನೊಂದಕ್ಕೆ ಮಾಡಿದಳು. ಅಲ್ಲಿ ಪ್ಯೂನ್ ಎತ್ತಿದ, ಅವನ ಹತ್ತಿರವೂ "ಸಾರ್" ಅಂತ ಮಾತಾಡಿದಳು.

ನಾನು ಪೇಪರ್ ಹಿಡಿದು ಕೂತಿದ್ದೆ. ಒಂದಕ್ಷರ ಓದಲಿಲ್ಲ. ನಾಳೆ ಹೇಳಿಬಿಡುತ್ತೇನೆ.

ಮಾರ್ಚ್ 27, ಗುರುವಾರ

ಹೇಳಿದೆ. ಬಾಗಿಲು ಹಾಕಿ, ನಿಂತುಕೊಂಡೇ. "ಸಾರ್, ಆ ಪ್ಲಾನ್ ವೇದಾ ನೋಡೇ ಇರ್ಲಿಲ್ಲ. ನಾನು ತೋರಿಸ್ಲಿಲ್ಲ. ನೋಡಿದ್ದಾಳೆ ಅಂತ ನಿಮಗೆ ಸುಳ್ಳು ಹೇಳಿದೆ. ಹೊಟ್ಟೆಕಿಚ್ಚು ಸಾರ್."

ಡಾಕ್ಟರ್ ಕನ್ನಡಕ ತೆಗೆದರು. ಬೈಯುತ್ತಾರೆ ಅಂದುಕೊಂಡೆ. ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದರು.

"ಆಕೆ ಕೆಲಸ ಹೋಗಿದ್ದು ನನಗೂ ಗೊತ್ತಾಯ್ತು ವಸಂತ್. ಅದಕ್ಕೇ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರಾ. ನನಗೆ ಅರ್ಥ ಆಗಲ್ವಾ? ಆಕೆ ತಾನೇ ಒಪ್ಕೊಂಡ್ರಲ್ಲ, ಕಿವಿಯಾರೆ ಕೇಳಿದ್ದೀನಿ. ಗಂಡ ಆದೋನು ಅಂದ್ರೆ ಹೀಗಿರ್ಬೇಕು ರೀ!"

"ಇಲ್ಲ ಸಾರ್, ನಿಜವಾಗ್ಲೂ —"

"ಸಾಕು ಸಾಕು. ಟೀ ಕುಡೀರಿ."

ಟೀ ತರಿಸಿದರು, ತಂದ ಹುಡುಗನ ಮುಂದೂ ನನ್ನನ್ನು ಹೊಗಳಿದರು. ಕುಡಿದೆ. ಹೊರಗೆ ಬಂದರೆ ರಿಸೆಪ್ಷನ್‌ನಲ್ಲಿ ಆಗಲೇ ಸುದ್ದಿ. ಎಲ್ಲರೂ ನನ್ನನ್ನು ದೇವರನ್ನು ನೋಡಿದ ಹಾಗೆ ನೋಡಿದರು.

ಮಾರ್ಚ್ 28, ಶುಕ್ರವಾರ

ವೇದಾಳಿಗೆ ಎಲ್ಲ ಹೇಳಿದೆ. ಲೆಟರ್ ಇದ್ದದ್ದು, ಹರಿದದ್ದು, ಇನ್ನೂ ಆ ಜಾಗಕ್ಕೆ ಯಾರೂ ಬಂದಿಲ್ಲ ಅನ್ನುವುದು. ಖುಷಿಯಾದದ್ದು ಹೇಳಲಿಲ್ಲ.

ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

"ನನಗೆ ಆ ಕೆಲಸ ಬೇಕಿತ್ತು ರೀ."

ಬೈದಿದ್ದರೆ ಚೆನ್ನಾಗಿತ್ತು. ನೀನೇ ಡಾಕ್ಟರಿಗೆ ನಿಜ ಹೇಳು ಅಂದೆ.

"ಆವತ್ತು ಹೌದು ಅಂದವಳು ಇವತ್ತು ಅಲ್ಲ ಅಂದ್ರೆ? ಕೆಲಸಕ್ಕೋಸ್ಕರ ಗಂಡನ ಮೇಲೆ ತಪ್ಪು ಹಾಕಿದ್ಳು ಅಂತಾರೆ. ನೀವೇ ಹೇಳಿದ್ರೂ ನಂಬ್ಲಿಲ್ಲ, ನನ್ನ ನಂಬ್ತಾರಾ?" ಸೊಪ್ಪಿನ ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿದಳು. "ಬರವಣಿಗೆಯಲ್ಲಿ ಏನಾದ್ರೂ ಇದ್ರೆ ಬೇರೆ. ಏನಿದೆ ನಮ್ಮ ಹತ್ರ?"

ಇದೆ. ಅವಳಿಗೆ ಗೊತ್ತಿಲ್ಲ.

ಮಾರ್ಚ್ 29, ಶನಿವಾರ. ಬೆಳಿಗ್ಗೆ 9.40

ಡಾಕ್ಟರ ರೂಮಿನ ಹೊರಗೆ, ಪೇಶೆಂಟ್‌ಗಳ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಇಬ್ಬರಿದ್ದಾರೆ. ಅವರಾದ ಮೇಲೆ ನಾನು.

ಜನವರಿ 22ರ ಪುಟ ಒಂದನ್ನೇ ಹರಿದು ಕೊಡೋಣ ಅಂತ ಬೆಳಿಗ್ಗೆ ಬ್ಲೇಡ್ ಹಿಡಿದಿದ್ದೆ. ಬಿಡಿ ಹಾಳೆಯನ್ನು ಯಾರು ನಂಬುತ್ತಾರೆ, ನಿನ್ನೆ ಕೂತು ಬರೆದದ್ದು ಅನ್ನುತ್ತಾರೆ. ಹಿಂದಿನದು ಮುಂದಿನದು ಎಲ್ಲ ಸೇರಿದ್ದರೇ ಅದು ಸಾಕ್ಷಿ. ಎಲ್ಲ ಅಂದರೆ ಬಚ್ಚಲುಮನೆಯೂ ಸೇರಿ. ಡಾಕ್ಟರನ್ನು ಆ ಮನುಷ್ಯ ಅಂತ ಬರೆದದ್ದೂ ಸೇರಿ. ಹದಿನೇಳನೇ ತಾರೀಖಿನ ಆ ಖುಷಿಯೂ ಸೇರಿ. ಅದನ್ನು ಓದಿದ ಮೇಲೆ ಈ ಪುಸ್ತಕ ವೇದಾಳ ಕೈಗೂ ಹೋಗುತ್ತದೆ, ಹೋಗದೆ ಇರುವುದಿಲ್ಲ.

ಒಬ್ಬರು ಹೊರಗೆ ಬಂದರು.

ಎದ್ದು ಹೋಗಿಬಿಡಬಹುದು. ದೇವರಾಗಿಯೇ ಇದ್ದುಬಿಡಬಹುದು, ಯಾರಿಗೂ ತೊಂದರೆಯಿಲ್ಲ. ಅವಳೊಬ್ಬಳಿಗೆ ಬಿಟ್ಟು.

ಇನ್ನೊಬ್ಬರೂ ಬಂದರು. ನನ್ನ ಹೆಸರು ಕರೆಯುತ್ತಿದ್ದಾರೆ. ಇಷ್ಟು ದಿನ ಯಾರಿಗೂ ಅಲ್ಲ ಅಂತ ಬರೆದೆ. ಸಾರ್, ಇದನ್ನು ಓದುವಾಗ ದಯವಿಟ್ಟು ನನ್ನ ಮುಖ ನೋಡಬೇಡಿ, ಮೊದಲು ಹದಿನೇಳನೇ ತಾರೀಖು ತೆಗೆದು ಓದಿ.